ನಟರಾಜನ ಪಾದದಡಿಯ ಕುಳ್ಳ ಸಾಯುವುದಿಲ್ಲವೇಕೆ?

ಶೈವ ಶಿಲ್ಪಗಳ ಮಾತು ಬಂದಾಗಲೆಲ್ಲ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ತ್ರಿಪುರಗಳನ್ನು ಒಂದೇ ಬಾಣದಿಂದ ಸುಟ್ಟ, ಅಂಧಕನನ್ನು ಶೂಲಕ್ಕೇರಿಸಿದ ಲಯಕರ್ತ ಶಿವನು ನಟರಾಜನಾಗಿ ಕುಣಿಯುವಾಗ ಕಾಲಡಿಯ ಕುಳ್ಳನನ್ನು ಕೊಲ್ಲದೆ, ಬರಿದೆ ಮೆಟ್ಟಿ ನಿಂತಿರುವುದೇಕೆ?

ಆ ಕುಳ್ಳನೇ ಅಪಸ್ಮಾರ, ಅಂದರೆ ಮರೆವು; ತಮಿಳರ ಪಾಲಿಗೆ ಮುಯಲಕನ್. ದಾರುಕಾವನದ ಕಥೆಯಲ್ಲಿ, ಕರ್ಮಾನುಷ್ಠಾನದ ಗರ್ವದಿಂದ ಬೀಗಿದ ಋಷಿಗಳು ಶಿವನ ಮೇಲೆ ಹುಲಿಯನ್ನೂ ಹಾವನ್ನೂ ಕೊನೆಗೆ ಇವನನ್ನೂ ಬಿಡುತ್ತಾರೆ. ಹುಲಿಯ ಚರ್ಮ ಉಡುಗೆಯಾಯಿತು, ಹಾವು ಒಡವೆಯಾಯಿತು, ಇವನ ಬೆನ್ನು ನರ್ತನದ ನೆಲವಾಯಿತು.

ಇವನು ಅಜ್ಞಾನದ ಪ್ರತೀಕ, ಅಜ್ಞಾನವೇ ಇಲ್ಲವಾದರೆ ಜ್ಞಾನಕ್ಕೆ ಬೆಲೆಯಿಲ್ಲ, ಆದ್ದರಿಂದ ಉಳಿಸಿದ್ದಾನೆ ಎಂಬ ಉತ್ತರವನ್ನು ಅನೇಕರು ಕೊಡುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ವಿಗ್ರಹವನ್ನು ಒಮ್ಮೆಯೂ ನೋಡದವರೂ ಕೊಡಬಹುದಾದ ಉತ್ತರವದು.

ಚೋಳರ ಕಾಲದ ಕಂಚಿನ ನಟರಾಜನನ್ನು ನಿಧಾನವಾಗಿ ನೋಡಿದರೆ, ಮೇಲಿನ ಬಲಗೈಯಲ್ಲಿ ಡಮರುಗ, ಮೇಲಿನ ಎಡಗೈಯಲ್ಲಿ ಬೆಂಕಿ ಇವೆ. ಕೆಳಗಿನ ಬಲಗೈ ಅಭಯ ನೀಡುತ್ತಿದೆ, ಎದೆಗೆ ಅಡ್ಡವಾಗಿ ಆನೆಯ ಸೊಂಡಿಲಿನಂತೆ ಇಳಿದ ಎಡಗೈ ಮೇಲೆತ್ತಿದ ಎಡಪಾದವನ್ನು ತೋರುತ್ತಿದೆ. 13ನೆಯ ಶತಮಾನದ ತಮಿಳು ಶೈವಸಿದ್ಧಾಂತ ಗ್ರಂಥ ‘ಉಣ್ಮೈ ವಿಳಕ್ಕಂ’ ಇವುಗಳಲ್ಲಿ ಶಿವನ ಪಂಚಕೃತ್ಯಗಳನ್ನು ಕಾಣುತ್ತದೆ: ಡಮರುಗದಲ್ಲಿ ಸೃಷ್ಟಿ, ಅಭಯದಲ್ಲಿ ಸ್ಥಿತಿ, ಬೆಂಕಿಯಲ್ಲಿ ಸಂಹಾರ, ಊರಿದ ಪಾದದಲ್ಲಿ ತಿರೋಭಾವ, ಎತ್ತಿದ ಪಾದದಲ್ಲಿ ಅನುಗ್ರಹ. ಸಂಹಾರದ ಬೆಂಕಿ ಇರುವುದು ಕೈಯಲ್ಲಿ, ಅಪಸ್ಮಾರ ಇರುವುದು ಕಾಲಡಿಯಲ್ಲಿ. ಅಂದರೆ ಇಲ್ಲಿ ತುಳಿತಕ್ಕೂ ಸಂಹಾರಕ್ಕೂ ಸಂಬಂಧವೇ ಇಲ್ಲ. ನಮ್ಮ ಪ್ರಶ್ನೆ ಹುಟ್ಟುವುದೇ ಎರಡನ್ನೂ ಬೆರೆಸಿಕೊಂಡಾಗ.

ತಿರೋಭಾವವೆಂದರೆ ಮರೆಮಾಡುವುದು. ಶೈವಸಿದ್ಧಾಂತದ ಪ್ರಕಾರ ಜೀವನಿಗೆ ಅನಾದಿಯಿಂದಲೂ ಆಣವಮಲ, ಅಂದರೆ ಅಜ್ಞಾನದ ಮೂಲ ಕೊಳೆ, ಅಂಟಿಕೊಂಡಿದೆ. ಅದು ಪಕ್ವವಾಗುವ ತನಕ ಶಿವನು ತನ್ನನ್ನು ಮರೆಮಾಡಿಕೊಂಡು, ಜೀವನು ಲೋಕದಲ್ಲಿ ತೊಡಗಿ ಕರ್ಮಫಲವನ್ನು ಉಂಡು ತೀರಿಸುವಂತೆ ಮಾಡುತ್ತಾನೆ. ಈ ಮರೆ ಶಿಕ್ಷೆಯಲ್ಲ, ಬಿಡುಗಡೆಗೆ ನಡೆಸುವ ಸಿದ್ಧತೆ. ಸಂಹಾರವನ್ನೂ ಈ ದರ್ಶನ ದಣಿದ ಜೀವಗಳಿಗೆ ಸಿಗುವ ವಿಶ್ರಾಂತಿಯೆಂದೇ ಹೇಳುತ್ತದೆ, ಏಕೆಂದರೆ ಅದರ ಬಳಿಕ ಮತ್ತೆ ಸೃಷ್ಟಿ ಇದ್ದೇ ಇದೆ. ಹೀಗೆ ನೋಡಿದಾಗ ಅಪಸ್ಮಾರನು ಶಿವನ ಶತ್ರುವಾಗಿ ಉಳಿಯದೆ, ಹದ್ದುಬಸ್ತಿನಲ್ಲಿಟ್ಟ ಮರೆವಾಗಿ ನನಗೆ ಕಾಣುತ್ತಾನೆ. ಒಂದು ಪಾದ ಅವನ ಮೇಲೆ ಗಟ್ಟಿಯಾಗಿ ಊರಿರುವುದರಿಂದಲೇ ಇನ್ನೊಂದು ಪಾದ ಅನುಗ್ರಹಕ್ಕಾಗಿ ಮೇಲೇಳಲು ಸಾಧ್ಯವಾಗಿದೆ. ನಟರಾಜನ ಕುಣಿತವೆಂದರೆ ಪರಮಾಣುಗಳ ನರ್ತನವೆಂಬ ಇತ್ತೀಚಿನ ವ್ಯಾಖ್ಯಾನ, ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 2004ರಲ್ಲಿ ನಟರಾಜನ ವಿಗ್ರಹ ನಿಂತ ಮೇಲಂತೂ ಬಲು ಜನಪ್ರಿಯವಾಗಿದೆ. ಆದರೆ ಅದರಲ್ಲಿ ಈ ಕುಳ್ಳನಿಗೆ ಜಾಗವೇ ಇಲ್ಲವೆಂಬುದು ನನ್ನ ತಕರಾರು.

ಹಾಗಾದರೆ ಬಾದಾಮಿಯ ನಟರಾಜನ ಕಾಲಡಿಯಲ್ಲಿ ಅಪಸ್ಮಾರ ಏಕಿಲ್ಲ ಎಂದು ನಮ್ಮ ಕಡೆಯವರು ಕೇಳುವುದುಂಟು. ಅಲ್ಲಿಯ ಮೊದಲನೆಯ ಗುಹೆಯ ಹದಿನೆಂಟು ಕೈಗಳ ಶಿವನು 6ನೆಯ ಶತಮಾನದ ಚಾಲುಕ್ಯ ಶಿಲ್ಪ. ನಂದಿ, ಗಣಪತಿ, ವಾದ್ಯ ನುಡಿಸುವವನೊಬ್ಬ ಜೊತೆಗಿದ್ದಾರೆ, ಕುಳ್ಳನಿಲ್ಲ. ಮೇಲೆ ಹೇಳಿದ ತಮಿಳು ಗ್ರಂಥಕ್ಕಿಂತ ಆ ಶಿಲ್ಪ ಸುಮಾರು ಏಳು ಶತಮಾನಗಳಷ್ಟು ಹಳೆಯದು. ಆದ್ದರಿಂದ ನನ್ನ ಈ ಉತ್ತರ ಚೋಳರ ಕಂಚಿಗೆ ಹೊಂದುವಂತೆ ಬಾದಾಮಿಯ ಕಲ್ಲಿಗೆ ಹೊಂದುವುದಿಲ್ಲ.