ಹಿಂಬದಿಯಿಂದ ಶುರು ಮಾಡಿ: ಹಳೆಯ ಚೀನೀ ಆಭರಣ ಮತ್ತು ಕ್ಯಾಮೆರಾ

ಮಾರಾಟಕ್ಕಿಟ್ಟ ಹಳೆಯ ಚೀನೀ ಬ್ರೂಚಿಗೆ ಹತ್ತು ಫೋಟೋ ಹಾಕಿ, ಹಿಂಬದಿಯದು ಒಂದನ್ನೂ ಹಾಕಿಲ್ಲವೆಂದರೆ ಕೊಳ್ಳುವ ಯೋಚನೆ ಅಲ್ಲಿಗೇ ಬಿಡಬಹುದು. ಬೆಸುಗೆ, ಠಸ್ಸೆ, ಪಿನ್ನು, ಸವೆತ, ರಿಪೇರಿ ಎಲ್ಲ ಇರುವುದು ಹಿಂದೆಯೇ. ನಿಮ್ಮ ಸಂಗ್ರಹದ ಚಿತ್ರ ತೆಗೆಯುವಾಗಲೂ ಇದೇ ಕ್ರಮ ಇಟ್ಟುಕೊಳ್ಳಿ: ಮೊದಲು ಹಿಂಬದಿ, ಆಮೇಲೆ ಕೊಕ್ಕೆ, ಅಂಚು, ಕೊನೆಗೆ ಎದುರು. ಚೆಂದದ ಚಿತ್ರ ಸಿಕ್ಕ ಮೇಲೆ ಹಿಂಬದಿ ತೆಗೆಯುವಷ್ಟು ತಾಳ್ಮೆ ಯಾರಲ್ಲೂ ಉಳಿಯುವುದಿಲ್ಲ.

ಚಿಂಗ್ ಕಾಲದ (1644–1912) ಆಭರಣವೆಂದು ಬರುವ ಬ್ರೂಚುಗಳಲ್ಲಿ ಎಷ್ಟೋ ಹುಟ್ಟಿನಿಂದ ಬ್ರೂಚುಗಳಲ್ಲ. ತಲೆಗೆ ಸಿಗಿಸುವ ಕಡ್ಡಿಯಿಂದ ಹೂವನ್ನೋ ಚಿಟ್ಟೆಯನ್ನೋ ಬಿಡಿಸಿ, ಹಿಂದೆ ಪಾಶ್ಚಾತ್ಯ ಮಾದರಿಯ ಪಿನ್ನು ಅಂಟಿಸಿದವು. ಕಡ್ಡಿ ಕತ್ತರಿಸಿದ ಜಾಗದಲ್ಲಿ ಸಣ್ಣ ಮೊಂಡು ಉಳಿದಿರುತ್ತದೆ. ಪಿನ್ನಿನ ಬುಡದಲ್ಲಿ ಬೂದುಬಣ್ಣದ ಸೀಸದ ಬೆಸುಗೆ ಗಂಟುಗಟ್ಟಿರುತ್ತದೆ. ಅಕ್ಕಸಾಲಿಗರ ಬೆಳ್ಳಿ ಬೆಸುಗೆ ಅಷ್ಟು ದಪ್ಪಗೆ, ಮಂಕಾಗಿ ನಿಲ್ಲುವುದಿಲ್ಲ. ಹೀಗೆ ಮಾರ್ಪಡಿಸಿದ್ದೆಲ್ಲ ನಕಲಿಯಲ್ಲ. ಆದರೆ ಅದಕ್ಕೆ ಪೂರ್ತಿ ತಲೆಕಡ್ಡಿಯ ಬೆಲೆ ಕೊಡಬೇಕಿಲ್ಲ.

ಠಸ್ಸೆಯ ವಿಷಯದಲ್ಲಿ ಅವಸರ ಬೇಡ. ಅಮೆರಿಕದ 1890ರ ಸುಂಕದ ಕಾಯ್ದೆಯ ಪ್ರಕಾರ 1891ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕಾಯಿತು. ಆದ್ದರಿಂದ ‘ಚೈನಾ’ ಎಂಬ ಠಸ್ಸೆ ಇದ್ದರೆ ವಸ್ತು ಸಾಮಾನ್ಯವಾಗಿ ಆ ವರ್ಷದ ಈಚಿನದು. ತಿರುಗಿಸಿ ಹೇಳಿದರೆ ಮಾತ್ರ ತಪ್ಪಾಗುತ್ತದೆ. ಚೀನಾದ ಒಳಗೇ ಮಾರಾಟವಾದ ಒಡವೆಗೆ ಆ ಠಸ್ಸೆಯ ಅಗತ್ಯವೇ ಇರಲಿಲ್ಲ, ಹಾಗಾಗಿ ಠಸ್ಸೆ ಇಲ್ಲವೆಂಬ ಒಂದೇ ಕಾರಣಕ್ಕೆ ಅದು ಹಳೆಯದಾಗುವುದಿಲ್ಲ. ಇನ್ನೊಂದು ತೊಡಕು: ‘ಸಿಲ್ವರ್’, ‘ಚೈನಾ’ ಎಂದು ಒತ್ತಿದ, ಗಿಲೀಟು ಹಾಕಿದ, ತಂತಿ ಹೆಣಿಗೆಯ ಮೇಲೆ ಎನಾಮಲ್ ತುಂಬಿದ ಉಂಗುರಗಳು 1920–30ರ ದಶಕಗಳಲ್ಲೂ ಇವೆ, 1970ರ ಈಚೆಯೂ ಇವೆ. ಎರಡನ್ನೂ ಬೇರೆ ಮಾಡುವುದು ಉಂಗುರದ ಒಳಮೈಯ ಸವೆತ, ತಂತಿಯ ಸಣ್ಣತನ, ಕಲ್ಲು ಕೂರಿಸಿದ ಅಚ್ಚುಕಟ್ಟು, ಠಸ್ಸೆಯಲ್ಲ.

ಠಸ್ಸೆಯ ಚಿತ್ರಕ್ಕೆ ಎರಡು ದೀಪ ಬೇಡ, ಒಂದೇ ಸಾಕು. ಅದನ್ನು ಮೇಜಿನ ಮಟ್ಟದಿಂದ 15–20 ಡಿಗ್ರಿ ಮಾತ್ರ ಮೇಲಿಟ್ಟು, ವಸ್ತುವನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ. ಅಕ್ಷರದ ಗೀರುಗಳೊಳಗೆ ನೆರಳು ಬಿದ್ದಾಗ ಸವೆದ ಚೀನೀ ಅಕ್ಷರವೂ ಓದಲು ಸಿಗುತ್ತದೆ. ಇದೇ ಬೆಳಕು ಎರಕದ ನಕಲನ್ನೂ ಬಯಲು ಮಾಡುತ್ತದೆ. ತಗಡಿಗೆ ಹಿಂದಿನಿಂದ ಬಡಿದು ಎಬ್ಬಿಸಿದ ಚಿತ್ತಾರವಾದರೆ ಹಿಂಬದಿಯಲ್ಲಿ ಅದೇ ಆಕಾರದ ತಗ್ಗು, ಉಳಿಯ ಗುರುತು ಇರುತ್ತವೆ. ಎರಕದ ಮೈಯಲ್ಲಿ ಸೂಜಿಮೊನೆಯಷ್ಟು ಗುಂಡಿಗಳು, ಮೊಂಡಾದ ಅಂಚುಗಳು ಕಾಣುತ್ತವೆ.

ಮಿಂಚುಳ್ಳಿ ಗರಿಯ ಕೆಲಸಕ್ಕೆ ಬರೋಣ, ಚೀನೀ ಭಾಷೆಯಲ್ಲಿ ದಿಯಾನ್‌ತ್ಸುಯಿ. ಗಿಲೀಟು ಮಾಡಿದ ಬೆಳ್ಳಿ ಅಥವಾ ತಾಮ್ರದ ತಗಡಿನ ಮೇಲೆ ತಂತಿಯಿಂದ ಕಟ್ಟೆ ಕಟ್ಟಿ, ಒಳಗೆ ಗರಿಯ ತುಣುಕನ್ನು ಅಂಟಿನಿಂದ ಕೂರಿಸುವ ವಿಧಾನ ಇದು. ಆ ನೀಲಿ ಯಾವುದೋ ಬಣ್ಣದ್ರವ್ಯದ್ದಲ್ಲ. ಗರಿಯ ಎಳೆಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಕಾಣುವಂಥದು. ಅದಕ್ಕೇ ನೂರು ವರ್ಷದ ಮೇಲೂ ನೀಲಿ ಹೊಳೆಯುತ್ತಿರುತ್ತದೆ. ಗರಿಗೆ ಕುತ್ತು ಬರುವುದು ಹುಳುವಿನಿಂದ, ಒಣಗಿ ಬಿರಿದ ಅಂಟಿನಿಂದ, ಬೆರಳಿನಿಂದ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಅಕ್ಕಸಾಲಿಗರ ಭೂತಗನ್ನಡಿ) ನೋಡಿದರೆ ಒಂದೇ ದಿಕ್ಕಿಗೆ ಬಾಚಿದಂಥ ಎಳೆಗಳು ಕಾಣಬೇಕು. ವಸ್ತುವನ್ನು ವಾಲಿಸಿದಾಗ ಹೊಳಪು ಏರಿಳಿಯಬೇಕು. ಬಣ್ಣ ಹಾಕಿದ ಬೇರೆ ಹಕ್ಕಿಯ ಗರಿಯಾದರೆ ಯಾವ ಕೋನದಲ್ಲೂ ಒಂದೇ ನೀಲಿ. ರೇಷ್ಮೆಯ ಪಟ್ಟಿಯಾದರೆ ನೇಯ್ಗೆ ಕಾಣುತ್ತದೆ. ಎನಾಮಲ್ ಆದರೆ ಗಾಜಿನಂತೆ ಮಿಂಚುತ್ತದೆ, ಸಣ್ಣ ಗುಳ್ಳೆಗಳೂ ಇರುತ್ತವೆ. ಗರಿ ಉದುರಿದ ಕಡೆ ಕಂದು ಅಂಟಿನ ಕಲೆ ಕಂಡರೆ ಒಳ್ಳೆಯ ಸೂಚನೆಯೇ. ಸ್ವಲ್ಪ ಉದುರಿದ್ದನ್ನು ಹಾಗೇ ಕೊಳ್ಳುವುದು, ಹೊಸ ಗರಿ ತುಂಬಿಸಿ ‘ಪೂರ್ತಿ’ ಮಾಡಿದ್ದನ್ನು ಕೊಳ್ಳುವುದಕ್ಕಿಂತ ಮೇಲು.

ಇದರ ಚಿತ್ರ ತೆಗೆಯುವುದು ಸ್ವಲ್ಪ ಕಷ್ಟ. ಸುತ್ತಲೂ ಬಿಳಿ ಬಟ್ಟೆಯ ಟೆಂಟ್ ಕಟ್ಟಿದರೆ ಎಲ್ಲ ಕಡೆಯಿಂದ ಸಮನಾಗಿ ಬೆಳಕು ಬಂದು ಗರಿ ಸತ್ತ ಬೂದುನೀಲಿಯಾಗುತ್ತದೆ. ಒಂದೇ ಸಾಫ್ಟ್‌ಬಾಕ್ಸನ್ನು (ಬೆಳಕನ್ನು ಮೆದುಗೊಳಿಸುವ, ಬಿಳಿ ಬಟ್ಟೆ ಮುಚ್ಚಿದ ದೀಪದ ಪೆಟ್ಟಿಗೆ) ಎಳೆಗಳಿಗೆ ಅಡ್ಡಲಾಗಿ ಒಂದು ಪಕ್ಕ ಇಟ್ಟು, ಎದುರು ಪಕ್ಕದಲ್ಲಿ ಬಿಳಿ ರಟ್ಟು ನಿಲ್ಲಿಸಿ. ಎಳೆಗಳ ದಿಕ್ಕು ಪ್ರತಿ ದಳದಲ್ಲೂ ಬೇರೆಯಾದ್ದರಿಂದ ಎಲ್ಲ ದಳವೂ ಒಟ್ಟಿಗೆ ಹೊಳೆಯುವುದಿಲ್ಲ. ದೀಪದ ಜಾಗ ಬದಲಿಸಿ ಮೂರು ಚಿತ್ರ ತೆಗೆದು ಮೂರನ್ನೂ ಇಟ್ಟುಕೊಳ್ಳುವುದು ಪ್ರಾಮಾಣಿಕ ದಾಖಲೆ. ಧೂಳು ಕಂಡರೆ ಕೈಯಲ್ಲಿ ಒತ್ತುವ ರಬ್ಬರ್ ಬ್ಲೋಅರ್ ಸಾಕು, ಅದನ್ನೂ ದೂರದಿಂದ. ಕ್ಯಾನಿನಲ್ಲಿ ಒತ್ತಿ ತುಂಬಿ ಮಾರುವ ಗಾಳಿ ಸಡಿಲವಾದ ಗರಿಯನ್ನೇ ಎಬ್ಬಿಸುತ್ತದೆ. ಬ್ರಷ್ ಮುಟ್ಟಿಸಬೇಡಿ. ನಿಲ್ಲಿಸಲು ಮೇಣ, ಜೇಡಿಮಣ್ಣಿನಂಥ ಅಂಟುಮುದ್ದೆಯೂ ಬೇಡ, ಎಣ್ಣೆ ಇಳಿಯುತ್ತದೆ. ಕಡ್ಡಿಯನ್ನು ಫೋಮ್ ತುಂಡಿಗೆ ಚುಚ್ಚಿ.

ಬುಯಾವ್ ಎಂಬ ತಲೆಕಡ್ಡಿಗಳಲ್ಲಿ ನಡೆದಾಗ ತೂಗುವ ಎಳೆಗಳಿರುತ್ತವೆ; ಕೆಲವು ಕಡ್ಡಿಗಳಲ್ಲಿ ಹೂವು, ಚಿಟ್ಟೆ ಸ್ಪ್ರಿಂಗ್ ತಂತಿಯ ಮೇಲೆ ಕುಳಿತಿರುತ್ತವೆ. ಇವು ಮೇಜು ಮುಟ್ಟಿದರೂ ನಡುಗುತ್ತವೆ. ಅರ್ಧ ಸೆಕೆಂಡಿನ ಎಕ್ಸ್‌ಪೋಶರ್ ಇಟ್ಟರೆ ಕಡ್ಡಿ ಸ್ಪಷ್ಟ, ಹೂವು ಮಸುಕು. ಫ್ಯಾನ್ ನಿಲ್ಲಿಸಿ, ರಿಮೋಟಿನಿಂದ ಕ್ಲಿಕ್ ಮಾಡಿ, ನಡುಕ ನಿಲ್ಲುವವರೆಗೆ ಕಾಯಿರಿ. ಇಲ್ಲವೇ ಫ್ಲಾಶ್ ಬಳಸಿ. ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿ ತೆಗೆದ ಚಿತ್ರಗಳನ್ನು ಒಂದಾಗಿ ಸೇರಿಸುವುದು) ಇಲ್ಲಿ ಹೆಚ್ಚಾಗಿ ಕೈಕೊಡುತ್ತದೆ, ಒಂದು ಫ್ರೇಮಿಗೂ ಇನ್ನೊಂದಕ್ಕೂ ಹೂವು ಜರುಗಿರುತ್ತದೆ.

ನಡುಗದ ವಸ್ತುಗಳಿಗೆ ಸ್ಟ್ಯಾಕಿಂಗ್ ಬೇಕೇ ಬೇಕು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಮ್ಯಾಕ್ರೊ ಲೆನ್ಸ್ ಹಾಕಿ ವಸ್ತುವಿನ ಅಳತೆಯಷ್ಟೇ ಚಿತ್ರ ಮೂಡಿಸಿದರೆ, ಎಫ್ 8ರಲ್ಲಿ (ಎಫ್ ಅಂಕೆ ಲೆನ್ಸಿನ ಕಿಂಡಿಯ ಅಳತೆ, ಅಂಕೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ಸ್ಪಷ್ಟವಾಗಿ ಸಿಗುವ ಆಳ ಒಂದು ಮಿಲಿಮೀಟರಿಗೂ ಕಡಿಮೆ. ಎಫ್ 16ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ, ಅಂದರೆ ಸಣ್ಣ ಕಿಂಡಿಯಲ್ಲಿ ಹಾಯುವಾಗ ಬೆಳಕು ಹರಡುವುದರಿಂದ, ಇಡೀ ಚಿತ್ರ ಮೆತ್ತಗಾಗುತ್ತದೆ. 12 ಮಿ.ಮೀ. ಆಳದ ಹೂವಿಗೆ ಎಫ್ 8ರಲ್ಲಿ 0.7 ಮಿ.ಮೀ. ಅಂತರದಲ್ಲಿ ಸುಮಾರು 18 ಫ್ರೇಮು ಬೇಕು. ಐಎಸ್‌ಓ 100, ಫೋಕಸ್ ಮ್ಯಾನ್ಯುಯಲ್, ಫೈಲು ರಾ (ಕ್ಯಾಮೆರಾ ತಿದ್ದದ ಮೂಲ ಫೈಲು). ಬೂದು ಕಾರ್ಡ್ ಮತ್ತು ಮಿಲಿಮೀಟರ್ ಸ್ಕೇಲು ಮೊದಲ ಫ್ರೇಮಿನಲ್ಲಿ ಇರಲಿ. ಬೆಳ್ಳಿಗೆ ಟೆಂಟ್ ಸರಿಹೋಗುತ್ತದೆ, ಆದರೆ ಒಳಗೆ ಎರಡು ಕಪ್ಪು ರಟ್ಟಿನ ಪಟ್ಟಿ ಇಡದಿದ್ದರೆ ತಂತಿ ಹೆಣಿಗೆಗೆ ಅಂಚೇ ಕಾಣದು. ಲೆನ್ಸಿಗೆ ಪೋಲರೈಜರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಒಂದನ್ನೇ ಹಾಕಿದರೆ ಲೋಹದ ಪ್ರತಿಫಲನ ಹೋಗುವುದಿಲ್ಲ. ದೀಪಕ್ಕೂ ಪೋಲರೈಜಿಂಗ್ ಹಾಳೆ ಹಾಕಬೇಕು.

ಜೇಡ್ ಎಂಬ ಹೆಸರಿನಲ್ಲಿ ಎರಡು ಬೇರೆ ಖನಿಜಗಳಿವೆ: ನೆಫ್ರೈಟ್, ಜೇಡೈಟ್. ಮ್ಯಾನ್ಮಾರಿನ ಹಸಿರು ಜೇಡೈಟ್ ಚೀನಾದಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದು 18ನೇ ಶತಮಾನದ ಈಚೆಗೆ. ಬಿಡಿ ಕಲ್ಲು ಅಥವಾ ಬಳೆಯಾದರೆ ಮನೆಯಲ್ಲೇ ಸಾಂದ್ರತೆ ಅಳೆಯಬಹುದು. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಆಮೇಲೆ ಅದೇ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಲ್ಲನ್ನು ತೆಳು ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿ. ಕಲ್ಲಿನ ತೂಕವನ್ನು ಈಗ ಏರಿದ ತೂಕದಿಂದ ಭಾಗಿಸಿದರೆ ಸಾಂದ್ರತೆ: 12.60 ಗ್ರಾಂ ಕಲ್ಲಿಗೆ ತಕ್ಕಡಿ 3.77 ಗ್ರಾಂ ತೋರಿಸಿದರೆ ಭಾಗಾಕಾರ 3.34, ಅದು ಜೇಡೈಟಿನದು. ನೆಫ್ರೈಟ್ 2.95ರ ಆಸುಪಾಸು, ಜೇಡಿನಂತೆ ಕಾಣುವ ಬೇರೆ ಕಲ್ಲುಗಳಲ್ಲಿ ಹಸಿರು ಅವೆಂಚುರಿನ್ 2.65ರ ಹತ್ತಿರ, ಸರ್ಪೆಂಟೈನ್ ಸಾಮಾನ್ಯವಾಗಿ ಅದಕ್ಕೂ ಕಡಿಮೆ. ಗಾಜಿನ ಸಾಂದ್ರತೆ ಎಲ್ಲಿ ಬೇಕಾದರೂ ಇರಬಹುದು. ಕಲ್ಲಿಗೆ ಅಂಟಿದ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ. ಅರ್ಧ ಗ್ರಾಮಿನ ಉಂಗುರದ ಕಲ್ಲಿಗೆ ಈ ಪರೀಕ್ಷೆ ನಂಬಬೇಡಿ: 0.01ರ ವ್ಯತ್ಯಾಸಕ್ಕೇ ಉತ್ತರ 3.13ರಿಂದ 3.57ರವರೆಗೆ ಓಲಾಡುತ್ತದೆ.

ಸಾಂದ್ರತೆ ಸರಿಯಿದ್ದರೂ ಕಲ್ಲಿಗೆ ಪಾಲಿಮರ್ ತುಂಬಿರಬಹುದು, ಬಣ್ಣ ಹಾಕಿರಬಹುದು. 365 ನ್ಯಾನೊಮೀಟರ್ ಅಲ್ಟ್ರಾವಯಲೆಟ್ ಟಾರ್ಚಿನಲ್ಲಿ ನೀಲಿಬಿಳಿ ಹೊಳಪು ಕಂಡರೆ ಪಾಲಿಮರ್ ಸಂಶಯ. ಕಾಣದಿದ್ದರೆ ಶುದ್ಧವೆಂದು ತೀರ್ಪು ಕೊಡುವಂತಿಲ್ಲ. ಹಾಲುಬಿಳಿ ಅಕ್ರಿಲಿಕ್ ಹಾಳೆಯ ಕೆಳಗಿನಿಂದ ಬೆಳಕು ಹಾಯಿಸಿ ತೆಗೆದ ಚಿತ್ರ ಇಲ್ಲಿ ಬಹಳ ಉಪಯೋಗಿ: ಹಾಕಿದ ಬಣ್ಣ ಬಿರುಕುಗಳಲ್ಲಿ ಬಲೆಯಂತೆ ಸೇರಿಕೊಂಡಿರುವುದು ಕಾಣುತ್ತದೆ, ಬಳೆಯ ಒಳಬಿರುಕೂ ಕಾಣುತ್ತದೆ. ಹಳದಿ ದೀಪದಲ್ಲಿ ಜೇಡಿನ ಬಣ್ಣ ನೋಡಬಾರದೆಂಬುದು ಚೀನೀ ವ್ಯಾಪಾರಿಗಳ ಹಳೆಯ ಎಚ್ಚರಿಕೆ. ಫೋಟೋಗೂ ಹಗಲಿನಂಥ ಬಿಳಿ ಬೆಳಕಿನ, 5000–5500 ಕೆಲ್ವಿನ್ ದೀಪವೇ ಇರಲಿ.

ಆಸ್ಥಾನದ ಮಣಿಸರ, ಚಾವ್‌ಝು, ಪೂರ್ತಿಯಾಗಿ ಸಿಗುವುದು ಅಪರೂಪ. 108 ಮಣಿ, ನಡುವೆ ನಾಲ್ಕು ದೊಡ್ಡ ಮಣಿ, ಹತ್ತತ್ತು ಮಣಿಯ ಮೂರು ಕಿರುಎಳೆ, ಬೆನ್ನಿಗೆ ಇಳಿಬಿಡುವ ಪದಕ: ಇಷ್ಟೂ ಇದೆಯೇ ಎಂದು ಎಣಿಸಿ. ದಾರ ಬದಲಿಸುವ ಮೊದಲು ಕ್ರಮ ತಿಳಿಯುವಂತೆ ಚಪ್ಪಟೆಯಾಗಿ ಹರಡಿ ಮೇಲಿನಿಂದ ಚಿತ್ರ ತೆಗೆಯಿರಿ; ಹಳೆಯ ದಾರದ ತುಂಡನ್ನೂ ಎತ್ತಿಡಿ.

ಬೆಳ್ಳಿ ಅದ್ದುವ ದ್ರಾವಣಕ್ಕೆ ಇವು ಯಾವುದನ್ನೂ ಹಾಕಬೇಡಿ. ತಂತಿ ಹೆಣಿಗೆಯೊಳಗೆ ಸೇರಿದ ದ್ರಾವಣ ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಲ್ಟ್ರಾಸೋನಿಕ್ ಯಂತ್ರ ಎನಾಮಲ್ಲನ್ನು ಸಿಡಿಸುತ್ತದೆ. ಇಡುವ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡು, ಉಣ್ಣೆಬಟ್ಟೆ ಇರಬಾರದು, ಎರಡರಲ್ಲೂ ಬೆಳ್ಳಿಯನ್ನು ಕಪ್ಪಾಗಿಸುವ ಗಂಧಕವಿದೆ. ಗರಿಯ ಕೆಲಸಕ್ಕೆ ತೇವ 50 ಶೇಕಡಾ ಹತ್ತಿರ ಇರಲಿ, ತೀರ ಒಣಗಿಸಿದರೆ ಅಂಟು ಬಿರಿಯುತ್ತದೆ.

ಕೆಲವು ವಸ್ತುಗಳ ಮೇಲೆ ಕೆಂಗಂದು ಅರಗಿನ ಪುಟ್ಟ ಮುದ್ರೆ ಉಳಿದಿರುತ್ತದೆ. ಕೊಳೆಯೆಂದು ಅದನ್ನು ಕೆರೆದು ತೆಗೆಯಬೇಡಿ. ಚೀನಾದ ಅಧಿಕಾರಿಗಳು ರಫ್ತಿಗೆ ಮೊದಲು ಪರಿಶೀಲಿಸಿ ಒತ್ತಿದ ಗುರುತು ಅದು. ಅಡ್ಡಬೆಳಕಿನಲ್ಲಿ ಅದರದೂ ಒಂದು ಚಿತ್ರ ಬೇಕು. ದಂತ, ಹಾಕ್ಸ್‌ಬಿಲ್ ಆಮೆಯ ಚಿಪ್ಪು, ಹಾರ್ನ್‌ಬಿಲ್ ಹಕ್ಕಿಯ ಕೊಕ್ಕಿನ ಕೆತ್ತನೆ ಸೇರಿದ ಆಭರಣವಾದರೆ ಅದು ಎಷ್ಟೇ ಹಳೆಯದಾಗಿರಲಿ, ಗಡಿ ದಾಟಿಸುವ ಮೊದಲು ಎರಡೂ ದೇಶಗಳ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿಯ ನಿಯಮ ನೋಡಿಕೊಂಡೇ ಹಣ ಕಳಿಸಿ.