ಮುಯ್ಯಾಳು ಲೆಕ್ಕದಲ್ಲಿ ಎದ್ದ ಮನೆ

ಕುಷ್ಟಗಿ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ಸಂಜೀವಿನಿ ಒಕ್ಕೂಟದ ಎಂ.ಬಿ.ಕೆ. ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕ ಬರೆಯುವವಳು. ಸಾಲದ ಅರ್ಜಿ ಮೊದಲು ನನ್ನ ಕೈಗೇ ಬರುತ್ತದೆ.

ಒಮ್ಮೆ ಸಂಘದ ಅಕ್ಕ ಒಬ್ಬರು ಸಾಲ ಕೇಳಲು ಬಂದರು. ಗಂಡ ಇಲ್ಲ. ಮಣ್ಣಿನ ಮಾಳಿಗೆ ಮಳೆಗೆ ಬಿದ್ದಿತ್ತು. ಸರ್ಕಾರದ ಬಸವ ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಿತ್ತು. ಮಂಜೂರಾಯಿತು ಅಂದರೆ ದುಡ್ಡು ಬಂತು ಅಂದುಕೊಳ್ಳುವವರೇ ಜಾಸ್ತಿ. ಆದರೆ 1,20,000 ರೂಪಾಯಿ ಒಂದೇ ಸಲ ಸಿಗುವುದಿಲ್ಲ. ಪಾಯ ಮುಗಿಸಬೇಕು, ಜಿಪಿಎಸ್ ಫೋಟೊ ಆಗಬೇಕು, ಆಮೇಲೆ ಮೊದಲ ಕಂತು. ಆ ಪಾಯಕ್ಕೇ ದುಡ್ಡಿಲ್ಲದವರು ಏನು ಮಾಡಬೇಕು? ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತಾರೆ. ನೂರಕ್ಕೆ ತಿಂಗಳಿಗೆ 3, ವರ್ಷಕ್ಕೆ 36. ಕಂತು ತಡವಾದರೆ ಬಂದದ್ದು ಬಡ್ಡಿಗೇ ಹೋಗುತ್ತದೆ.

ಅವರ ಹಳೆ ಸಾಲದ ಎರಡು ಕಂತು ಬಾಕಿ ಇತ್ತು. "ಈಗ ಆಗಲ್ಲ ಅಕ್ಕ" ಅಂದುಬಿಟ್ಟೆ. ಅವರು ಸುಮ್ನೆ ಎದ್ದು ಹೋದರು. ಮಾಳಿಗೆ ಬಿದ್ದ ತಿಂಗಳಿನಿಂದಲೇ ಬಾಕಿ ಶುರುವಾಗಿತ್ತು. ಅದು ನನ್ನ ಪುಸ್ತಕದಲ್ಲೇ ಇತ್ತು, ನಾನು ನೋಡಲಿಲ್ಲ. ಇವತ್ತಿಗೂ ಅದು ನನಗೆ ಚುಚ್ಚುತ್ತದೆ.

ವಾರದ ಸಭೆಯಲ್ಲಿ ಮಾತು ಎದ್ದಾಗ ಹಿರಿಯರೊಬ್ಬರು, "ರೊಕ್ಕದ ಮಾತು ಆಮ್ಯಾಲೆ. ನಾಳೆ ಮುಯ್ಯಾಳು ಯಾರ್ಯಾರು ಬರ್ತೀರಿ, ಅದನ್ನ ಹೇಳ್ರಿ" ಅಂದರು. ಹೊಲದಲ್ಲಿ ಕಳೆ ತೆಗೆಯಲು ಇವತ್ತು ನಿಮ್ಮಲ್ಲಿಗೆ ನಾನು, ನಾಳೆ ನಮ್ಮಲ್ಲಿಗೆ ನೀವು ಅಂತ ಮಾಡುತ್ತೇವಲ್ಲ, ಅದನ್ನೇ ಮನೆಗೂ ಹಚ್ಚಿದರು. ಪಾಯ ತೋಡಿದ್ದು, ಕಲ್ಲು ಹೊತ್ತದ್ದು, ನೀರು ಹಾಕಿದ್ದು ಎಲ್ಲ ಸಂಘದವರು ಮತ್ತು ಅವರ ಮನೆಯ ಹುಡುಗರು. ಸಿಮೆಂಟಿಗೂ ಗೌಂಡಿ ಕೂಲಿಗೂ ಮಾತ್ರ ಸಂಘದ ಉಳಿತಾಯದಿಂದ ಸಾಲ ಕೊಟ್ಟೆವು. ಹಾಗಂತ ಸರ್ಕಾರದ್ದನ್ನು ಬಿಟ್ಟುಕೊಡಲಿಲ್ಲ. ಉದ್ಯೋಗ ಖಾತ್ರಿಯ 90 ದಿನದ ಕೂಲಿಗೆ ಎನ್‌ಎಂಆರ್ ಅಂದರೆ ಹಾಜರಿ ಪಟ್ಟಿ ತೆಗೆಸಲು ಪಂಚಾಯಿತಿಗೆ ನಾಲ್ಕು ಸಲ ಅಲೆದೆವು.

ಉಳಿತಾಯ ಪುಸ್ತಕದ ಕೊನೆ ಹಾಳೆಯಲ್ಲಿ ಮುಯ್ಯಾಳು ಲೆಕ್ಕ ಬರೆದೆ. ಒಂದು ದಿನಕ್ಕೆ ಒಂದು ಗೆರೆ. ಒಬ್ಬ ಅಜ್ಜಿಗೆ ಕಲ್ಲು ಹೊರಲು ಆಗುತ್ತಿರಲಿಲ್ಲ. ಐದು ದಿನ ಬುಟ್ಟಿ ತುಂಬ ರೊಟ್ಟಿ, ಪುಂಡಿಪಲ್ಯ ತಂದರು. ಇದಕ್ಕೂ ಗೆರೆ ಹಾಕಲಾ ಅಂತ ಕೇಳಿದೆ. "ಹಾಕ್ರಿ ಮತ್ತ!" ಅಂತ ಎಲ್ಲರೂ ಒಟ್ಟಿಗೆ ಅಂದರು. ಅಜ್ಜಿ ಹತ್ತಿರ ಬಂದು ತಮ್ಮ ಐದು ಗೆರೆ ಬೆರಳಿಟ್ಟು ಎಣಿಸಿಕೊಂಡರು.

ಈಗ ಅರ್ಜಿ ಬಂದರೆ ಬಾಕಿ ಎಷ್ಟು ಅನ್ನುವುದಕ್ಕಿಂತ ಮೊದಲು ಯಾವ ತಿಂಗಳಿನಿಂದ ಅಂತ ನೋಡುತ್ತೇನೆ. ಆಮೇಲೆ ಅವರ ಮನೆಗೆ ಹೋಗಿ ಬರುತ್ತೇನೆ.

ಆ ಅಕ್ಕ ಮೊನ್ನೆ ಎರಡು ದಿನ ಅಜ್ಜಿಯ ಹೊಲಕ್ಕೆ ಸಜ್ಜೆ ಕೊಯ್ಯಲು ಹೋಗಿದ್ದರು. ಎರಡನೇ ದಿನ ಸಂಜೆ ಬಂದು ಅಜ್ಜಿಯ ಐದು ಗೆರೆಯಲ್ಲಿ ಎರಡನ್ನು ಹೊಡೆದುಹಾಕಿಸಿಕೊಂಡು ಹೋದರು.