ನನ್ನ ಕೆನ್ನೆಯ ಮೊಡವೆ ಗುಳಿಗಳ ಬಗ್ಗೆ ಕೇಳುವವರಿಗೆ

"ಮುಖಕ್ಕೆ ಎಂತ ಹಚ್ಚುವುದು ನೀನು? ಎಣ್ಣೆತಿಂಡಿ ಜಾಸ್ತಿಯಾ?" ಕುಂಬಳೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಂದ ಹಿಡಿದು ನೆಂಟರವರೆಗೆ, ನನ್ನ ಕೆನ್ನೆಯಲ್ಲಿ ಮೊಡವೆ ಉಳಿಸಿಹೋದ ಗುಳಿಗಳನ್ನು ಕಂಡವರೆಲ್ಲ ಕೇಳುವುದು ಇದನ್ನೇ. ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ನನ್ನ ಮೊಡವೆ ಮುಖ ತೊಳೆಯದ್ದರಿಂದ ಬಂದದ್ದಲ್ಲ. ಅದು ಅಮ್ಮನ ಮನೆಯವರಲ್ಲಿ ತಲೆಮಾರುಗಳಿಂದ ಇದೆ.

ಬದಿಯಡ್ಕದ ಒಂದು ಮದುವೆಯ ಊಟದಲ್ಲಿ ಅಪ್ಪನ ಕಡೆಯ ದೊಡ್ಡಮ್ಮ ಬಡಿಸುವವರನ್ನು ತಡೆದು, "ಅವಳ ಹೋಳಿಗೆಗೆ ತುಪ್ಪ ಬೇಡ ಮಾರಾಯ್ರೆ, ಮುಖ ನೋಡಿ" ಎಂದರು. ಅದೇ ಹೊತ್ತಿಗೆ ಅವರ ಮಗಳು ನನ್ನ ಪಕ್ಕದಲ್ಲೇ ಕುಳಿತು ಮತ್ತೊಂದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು, ಅವಳ ಕೆನ್ನೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಎದುರು ಸಾಲಿನಲ್ಲಿದ್ದ ಅಮ್ಮ, ನನ್ನಂತೆಯೇ ಗುಳಿಬಿದ್ದ ಕೆನ್ನೆಯ ಅಮ್ಮ, ಎಲೆಯಿಂದ ಮುಖ ಎತ್ತಲಿಲ್ಲ. ನನಗೆ ಸಿಟ್ಟು ಬಂದದ್ದು ತುಪ್ಪ ತಪ್ಪಿತೆಂದಲ್ಲ, ಅಮ್ಮ ತಲೆ ತಗ್ಗಿಸಬೇಕಾಯಿತಲ್ಲ ಎಂದು.

ಬ್ರಿಟನ್ನಿನ ಅವಳಿ ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಡವೆಯ ವಿಷಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇದ್ದ ವ್ಯತ್ಯಾಸದ ಶೇ. 81ರಷ್ಟು ಭಾಗಕ್ಕೆ ಅನುವಂಶೀಯತೆಯೇ ಕಾರಣವೆಂದು ಕಂಡುಬಂತು. ಇದು ಒಂದೇ ವಂಶವಾಹಿಯ ಕೆಲಸವಲ್ಲ; ಚರ್ಮ ಎಷ್ಟು ಜಿಡ್ಡು ಸ್ರವಿಸುತ್ತದೆ, ರೋಮಕೂಪ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ, ಉರಿಯೂತ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದರಲ್ಲೆಲ್ಲ ಹಲವು ವಂಶವಾಹಿಗಳ ಸಣ್ಣ ಸಣ್ಣ ಪಾಲಿದೆ. 2014ರಲ್ಲಿ ತೀವ್ರ ಮೊಡವೆಗೆ ಸಂಬಂಧಿಸಿ ನಮ್ಮ ಡಿಎನ್‌ಎಯಲ್ಲಿ ಪತ್ತೆಯಾದ ಮೂರು ತಾಣಗಳಲ್ಲಿಯೂ, ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವ ಟಿಜಿಎಫ್-ಬೀಟಾ ಎಂಬ ವ್ಯವಸ್ಥೆಗೆ ಸೇರಿದ ವಂಶವಾಹಿಗಳಿದ್ದವು, ಮತ್ತು ಗಾಯ ಮಾಯುವಾಗ ಕೊಲಾಜೆನ್, ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್, ಕಟ್ಟುವುದರಲ್ಲೂ ಇದೇ ವ್ಯವಸ್ಥೆಯ ಕೈವಾಡವಿದೆ. ಆಹಾರದ ಪಾತ್ರ ಇಲ್ಲವೆಂದು ನಾನು ಹೇಳುತ್ತಿಲ್ಲ. ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಆಹಾರ ಕೆಲವರಲ್ಲಿ ಮೊಡವೆಯನ್ನು ಹೆಚ್ಚಿಸುತ್ತದೆ. ಆದರೆ ಒಂದೇ ಪಂಕ್ತಿಯಲ್ಲಿ ಅದೇ ಊಟ ಉಂಡ ಇಬ್ಬರ ಮುಖ ಬೇರೆಬೇರೆಯಾಗಿರುವುದಕ್ಕೆ ಊಟವೊಂದೇ ಉತ್ತರವಾಗಲಾರದು.

ಯಾರಾದರೂ ನನ್ನನ್ನು, "ನನ್ನ ಮಗನಿಗೂ ಶುರುವಾಗಿದೆ, ಗುಳಿ ಬೀಳದಂತೆ ಏನು ಮಾಡಲಿ?" ಎಂದು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು! ಮೊಡವೆ ಮಾಸಿದ ಮೇಲೆ ಉಳಿಯುವ ಕಂದು ಕಲೆ ಬೇರೆ, ಗುಳಿ ಬೇರೆ. ಕಂದು ಕಲೆ ಬಿಸಿಲಿನಿಂದ ಕಾಪಾಡಿಕೊಂಡರೆ ತಿಂಗಳುಗಳಲ್ಲಿ ತಿಳಿಯಾಗುತ್ತದೆ; ಗುಳಿಯೆಂದರೆ ಒಳಗಿನ ಕೊಲಾಜೆನ್ನೇ ನಷ್ಟವಾದದ್ದು, ಅದನ್ನು ಕಸ್ತೂರಿ ಅರಿಶಿನವಾಗಲಿ ಕ್ರೀಮಾಗಲಿ ತುಂಬಲಾರದು. ಚಿಕಿತ್ಸೆ ತಡವಾದಷ್ಟೂ, ಉಗುರಿನಿಂದ ಹಿಚುಕಿದಷ್ಟೂ ಗುಳಿಯ ಸಾಧ್ಯತೆ ಹೆಚ್ಚುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಕ್ರೀಮಿನಿಂದ ಮುಖ ಮೊದಲಿಗೆ ಬೆಳ್ಳಗಾದಂತೆ ಕಂಡರೂ ಆಮೇಲೆ ಮೊಡವೆ ಇನ್ನಷ್ಟು ಏಳುತ್ತದೆ. ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಇದೆ. ಗರ್ಭದಲ್ಲಿರುವ ಶಿಶುವಿಗೆ ಅದು ತೀವ್ರ ಹಾನಿ ಮಾಡುವುದರಿಂದ ವೈದ್ಯರ ನಿಗಾ ಇಲ್ಲದೆ ಅದನ್ನು ಮುಟ್ಟಲೇಬಾರದು.

ಆದ್ದರಿಂದ ಮಗುವಿನ ಮುಖದಲ್ಲಿ ನೋಯುವ ಗಟ್ಟಿ ಗಂಟುಗಳು ಕಂಡರೆ, ಹತ್ತನೆಯ ತರಗತಿ ಮುಗಿಯಲಿ ಎಂದು ಕಾಯದೆ, ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಚರ್ಮರೋಗ ತಜ್ಞರಿಗೆ ತೋರಿಸಿ, ಮನೆಯಲ್ಲಿ ಯಾರ್ಯಾರಿಗೆ ಗುಳಿ ಉಳಿದಿದೆ ಎಂಬುದನ್ನೂ ಅವರಿಗೆ ತಪ್ಪದೆ ತಿಳಿಸಿ.